ಕಲ್ಲು ಕೆತ್ತುವ ಕೈಗೆ ಕರಗಿದ ಗಾಜು: ಮೊದಲ ಎರಕ ಹೊಯ್ಯುವುದು ಹೀಗೆ

ನನ್ನ ಮೊದಲ ಗಾಜಿನ ನಂದಿ ಭಟ್ಟಿಯಲ್ಲಿ ಒಡೆಯಲಿಲ್ಲ. ಹೊರಗೆ ತೆಗೆದು, ತೊಳೆದು, ಮನೆಯವರಿಗೆಲ್ಲ ತೋರಿಸಿ ಮೇಜಿನ ಮೇಲೆ ಇಟ್ಟಿದ್ದೆ. ಮೂರನೇ ದಿನ ರಾತ್ರಿ ಊಟಕ್ಕೆ ಕೂತಿದ್ದೆವು. ಆ ಕಡೆಯಿಂದ ಟಿಣ್ ಅಂತ ಒಂದು ಸದ್ದು. ಎದ್ದು ಹೋಗಿ ನೋಡಿದರೆ ಕೊರಳಿನ ಹತ್ತಿರ ಎರಡು ತುಂಡು. ಯಾರೂ ಮುಟ್ಟಿರಲಿಲ್ಲ. ಮನೆಯಲ್ಲಿ ಬೆಕ್ಕು ಕೂಡ ಇಲ್ಲ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಆಸುಪಾಸಿನಲ್ಲಿ ಕಲ್ಲು ಕೆತ್ತಿ ಬದುಕುವವರಲ್ಲಿ ನಾನೂ ಒಬ್ಬ. ಕೃಷ್ಣಶಿಲೆ ನಮ್ಮ ಕೈಗೆ ಗೊತ್ತು. ಕಲ್ಲಿನಲ್ಲಿ ಬಿರುಕಿದ್ದರೆ ಸುತ್ತಿಗೆಯಲ್ಲಿ ತಟ್ಟಿದಾಗಲೇ ಸದ್ದು ಬೇರೆ ಬರುತ್ತದೆ. ಗಾಜು ಹಾಗಲ್ಲ. ಒಳಗೆ ಎಷ್ಟು ಎಳೆತ ಇಟ್ಟುಕೊಂಡಿದ್ದರೂ ಹೊರಗೆ ನಗುತ್ತಾ ಕೂತಿರುತ್ತದೆ. ಗಾಜನ್ನು ಕರಗಿಸುವುದು ಅಂಥ ಕಷ್ಟದ ಕೆಲಸವಲ್ಲ, ತಣಿಸುವುದೇ ಕೆಲಸ ಅನ್ನುವುದು ನನಗೆ ತಲೆಗೆ ಹೋಗಲು ಎರಡು ವರ್ಷ ಮತ್ತು ಒಂದು ಗೋಣಿಚೀಲ ಚೂರು ಬೇಕಾಯಿತು. ನಿಮಗೆ ಅಷ್ಟು ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಊದುವ ಗಾಜಿನ ವಿಷಯ ಇದಲ್ಲ. ಕುಲುಮೆಯಿಂದ ಸೌಟಿನಲ್ಲಿ ತೆಗೆದು ಮರಳಿನ ಅಚ್ಚಿಗೆ ಸುರಿಯುವುದೂ ಅಲ್ಲ. ಅದಕ್ಕೆ 1100 ಡಿಗ್ರಿ ದಾಟಿದ ಗಾಜು, ದಿನವಿಡೀ ಉರಿಯುವ ಕುಲುಮೆ, ಜೊತೆಗೆ ನಾಲ್ಕು ಪಳಗಿದ ಕೈ ಬೇಕು. ಇಲ್ಲಿ ಹೇಳುತ್ತಿರುವುದು ಒಬ್ಬರೇ ಮಾಡಬಹುದಾದ ಕೆಲಸ. ಮಣ್ಣಿನ ಹೂಕುಂಡದಲ್ಲಿ ಗಾಜಿನ ಚೂರು ತುಂಬಿ, ಕೆಳಗೆ ಅಚ್ಚು ಇಟ್ಟು, ಎರಡನ್ನೂ ಒಂದೇ ಭಟ್ಟಿಯಲ್ಲಿ ಕಾಯಿಸುವುದು. ಕರಗಿದ ಗಾಜು ಕುಂಡದ ತೂತಿನಿಂದ ತಾನಾಗಿ ಅಚ್ಚಿಗೆ ಇಳಿಯುತ್ತದೆ.

ಮೊದಲ ಕೆಲಸಕ್ಕೆ ದೇವರ ಮೂರ್ತಿಗೆ ಕೈ ಹಾಕಬೇಡಿ. ಶ್ರೀನಿವಾಸಪುರದ ಸೀಮೆಯವರು ನಾವು, ಮಾವಿನಕಾಯಿ ಇದೆಯಲ್ಲ? ಉದ್ದಕ್ಕೆ ಸೀಳಿದ ಅರ್ಧ ಮಾವು ಮಾಡಿ. 12 ಸೆಂಟಿಮೀಟರ್ ಉದ್ದ, 8 ಅಗಲ, 3 ದಪ್ಪ. ಅದರಲ್ಲಿ ಚೂಪು ಮೂಲೆ ಇಲ್ಲ, ದಪ್ಪದ ಪಕ್ಕದಲ್ಲೇ ತೆಳು ಭಾಗ ಇಲ್ಲ. ನನ್ನ ನಂದಿ ಸತ್ತಿದ್ದು ಅಲ್ಲೇ: ಹೊಟ್ಟೆ ಏಳು ಸೆಂಟಿಮೀಟರ್, ಕೊರಳು ಎರಡು. ತೆಳುವಾದದ್ದು ಬೇಗ ತಣಿಯಿತು, ದಪ್ಪದ್ದು ಇನ್ನೂ ಕುಗ್ಗುತ್ತಾ ಇತ್ತು. ಎರಡೂ ಸೇರುವ ಜಾಗದಲ್ಲಿ ಜಗಳ ಉಳಿಯಿತು.

1. ಗಾಜು ಒಂದೇ ಮನೆಯದಾಗಿರಲಿ

ಮರಳಿನಿಂದ ಗಾಜು ಮಾಡುವ ಹುಚ್ಚು ಬೇಡ. ಅದಕ್ಕೆ ಸುಮಾರು 1500 ಡಿಗ್ರಿ ಬೇಕು. 1962ರಲ್ಲಿ ಅಮೆರಿಕದ ಟೊಲಿಡೊ ಮ್ಯೂಸಿಯಮ್ಮಿನ ಅಂಗಳದಲ್ಲಿ ಹಾರ್ವೆ ಲಿಟಲ್‌ಟನ್, ಕಾರ್ಖಾನೆ ಇಲ್ಲದೆ ಕಲಾವಿದರೇ ಗಾಜಿನ ಕೆಲಸ ಮಾಡಬಹುದಾ ಅಂತ ನೋಡಲು ಸಣ್ಣ ಕುಲುಮೆ ಹೂಡಿದರು. ಅವರು ಕಲಸಿದ ಮೊದಲ ಮಿಶ್ರಣ ಕೈಕೊಟ್ಟಿತು. ಆಮೇಲೆ ಡೊಮಿನಿಕ್ ಲಬೀನೊ ಫೈಬರ್‌ಗ್ಲಾಸ್ ಮಾಡಲು ಬಳಸುವ ಗಾಜಿನ ಗೋಲಿಗಳನ್ನು ಕೊಟ್ಟರು, ಅವನ್ನು ಕರಗಿಸಿ ಕೆಲಸ ನಡೆಯಿತು. ಸ್ಟುಡಿಯೋ ಗಾಜು ಅಂತ ಇವತ್ತು ಯಾವುದಕ್ಕೆ ಹೆಸರಿದೆಯೋ ಅದು ಶುರುವಾದದ್ದೇ ರೆಡಿಮೇಡ್ ಗಾಜಿನಿಂದ. ನಾವೂ ಹಾಗೇ ಮಾಡೋಣ.

ಕಿಟಕಿ ಗಾಜು ಕತ್ತರಿಸುವ ಅಂಗಡಿಯಲ್ಲಿ ಅಂಚಿನ ಪಟ್ಟಿಗಳು ರಾಶಿ ಬಿದ್ದಿರುತ್ತವೆ. ಅವನ್ನು ತನ್ನಿ. ಆದರೆ ಒಂದು ಎರಕಕ್ಕೆ ಒಂದೇ ಹಾಳೆಯ ಚೂರು. ಇದು ಸಣ್ಣ ವಿಷಯ ಅಲ್ಲ. ಎಲ್ಲ ಗಾಜೂ ಬಿಸಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಲ್ಯಾಬಿನ ಬೀಕರ್ ಮಾಡುವ ಬೋರೋಸಿಲಿಕೇಟ್ ಗಾಜು ಕಿಟಕಿ ಗಾಜಿನ ಹೆಚ್ಚು ಕಡಿಮೆ ಮೂರನೇ ಒಂದು ಭಾಗದಷ್ಟು ಮಾತ್ರ ಹಿಗ್ಗುತ್ತದೆ. ಎರಡನ್ನೂ ಕರಗಿಸಿ ಸೇರಿಸಿದರೆ ಬಿಸಿಯಲ್ಲಿ ಅಣ್ಣತಮ್ಮಂದಿರ ಹಾಗೆ ಇರುತ್ತವೆ, ತಣ್ಣಗಾದ ಮೇಲೆ ಪಾಲು ಕೇಳುತ್ತವೆ.

ಬಾಟಲಿ ಬಳಸುವುದಾದರೆ ಒಂದು ಎರಕಕ್ಕೆ ಒಂದೇ ಥರದ ಬಾಟಲಿ. ಕಾರಿನ ಪಕ್ಕದ ಕಿಟಕಿ ಒಡೆದು ಬೀಳುವ ಸಕ್ಕರೆ ಅಚ್ಚಿನಂಥ ಚೂರು ಚೆನ್ನಾಗಿ ಕರಗುತ್ತದೆ. ಮುಂದಿನ ಗಾಜು ಬೇಡ, ಅದರ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಬಳೆ ಚೂರು ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ, ನಮ್ಮ ಮನೆಯಲ್ಲೇ ಕೇಳಿದರು. ಬಣ್ಣಕ್ಕೆ ಆಸೆ ಆಗುತ್ತದೆ ನಿಜ. ಮೊದಲು ಒಂದು ಪರೀಕ್ಷೆ ಮಾಡಿ. ಕಿಟಕಿ ಗಾಜಿನ ಮೇಲೆ ಬಳೆಯ ಒಂದು ತುಣುಕು ಇಟ್ಟು ಕರಗಿಸಿ, ನಿಧಾನವಾಗಿ ತಣಿಸಿ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಹಾಳೆ ತೆರೆದಿಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕೈಯಲ್ಲಿ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ನಿಮ್ಮ ಗಾಜನ್ನು ಎರಡರ ನಡುವೆ ಹಿಡಿಯಿರಿ. ಬಳೆ ಚೂರಿನ ಸುತ್ತ ಚಂದ್ರನಿಗೆ ಕೊಡೆ ಕಟ್ಟಿದ ಹಾಗೆ ಬೆಳಕು ಕಂಡರೆ ಒಳಗೆ ಎಳೆತ ಇದೆ ಅಂತ ಅರ್ಥ. ಕತ್ತಲಾಗಿಯೇ ಇದ್ದರೆ ಹೊಂದಿಕೆ ಆಗಿದೆ. ಈ ಪರೀಕ್ಷೆ ನನಗೆ ಮೊದಲೇ ಗೊತ್ತಿದ್ದರೆ ನಂದಿಯನ್ನು ಮನೆಯವರಿಗೆಲ್ಲ ತೋರಿಸುತ್ತಲೇ ಇರಲಿಲ್ಲ.

ಬಣ್ಣದ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ಕಿಟಕಿ ಗಾಜು ನೋಡಲು ಬಿಳಿ. ಮೂರು ಸೆಂಟಿಮೀಟರ್ ದಪ್ಪ ಹೊಯ್ದರೆ ಹಸಿರು ಬರುತ್ತದೆ. ಅದು ಮರಳಿನಲ್ಲಿದ್ದ ಕಬ್ಬಿಣದ ಗುಣ. ಕೋಬಾಲ್ಟ್ ನೀಲಿ ಕೊಡುತ್ತದೆ. ಒಳ್ಳೆಯ ಮಾಣಿಕ್ಯದ ಕೆಂಪು ಬರುವುದು ಯಾವುದರಿಂದ ಹೇಳಿ? ಚಿನ್ನದಿಂದ, ಅದೂ ಚಿಟಿಕೆಗಿಂತ ಕಡಿಮೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಇಲ್ಲದಿದ್ದರೆ ನಮ್ಮ ಜಿಲ್ಲೆಯ ಕೆಂಪು ಗಾಜು ಅಂತ ಹೆಸರಿಡಬಹುದಿತ್ತು. ಇರಲಿ, ನನಗಂತೂ ಆ ಕಬ್ಬಿಣದ ಹಸಿರೇ ಇಷ್ಟ. ಅಂತರಗಂಗೆಯ ಕಲ್ಯಾಣಿಯನ್ನು ಮೇಲಿನಿಂದ ನೋಡಿದ ಹಾಗಿರುತ್ತದೆ.

2. ಮೇಣ ಮತ್ತು ಲೆಕ್ಕ

ಪಂಚಲೋಹದ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಜೇನುಮೇಣಕ್ಕೆ ಸ್ವಲ್ಪ ರಾಳ ಸೇರಿಸಿ ಕಾಯಿಸಿ, ಕೈಗೆ ಹದವಾದಾಗ ಮಾವಿನ ಆಕಾರ ಕೊಡಿ. ತೊಟ್ಟಿನ ಗುಳಿ, ಮೂತಿಯ ಕೊಕ್ಕು ಎಲ್ಲ ಈಗಲೇ ತಿದ್ದಿಕೊಳ್ಳಿ. ಗಾಜು ನಿಮ್ಮ ಹೆಬ್ಬೆಟ್ಟಿನ ಗುರುತನ್ನೂ ಎತ್ತಿಕೊಳ್ಳುತ್ತದೆ. ಅದು ಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಆಮೇಲೆ ಮೇಣವನ್ನು ತೂಗಿ. ಕಂಚಿನವರು ಮೇಣದ ತೂಕದ ಒಂಬತ್ತು ಹತ್ತು ಪಟ್ಟು ಲೋಹ ಹಾಕುತ್ತಾರೆ. ಗಾಜು ಹಗುರ, 2.7 ಪಟ್ಟು ಸಾಕು. ನಮ್ಮ ಅರ್ಧ ಮಾವು ಮೇಣದಲ್ಲಿ 140 ಗ್ರಾಂ ಬಂದರೆ ಗಾಜು ಸುಮಾರು 380 ಗ್ರಾಂ. ಕುಂಡದ ಗೋಡೆಗೆ ಒಂದಷ್ಟು ಅಂಟಿಕೊಂಡು ಉಳಿಯುತ್ತದೆ, ಅದಕ್ಕೆ ಇನ್ನೊಂದು 80 ಗ್ರಾಂ ಸೇರಿಸಿ. ಒಟ್ಟು 460. ಮೇಣ ತೂಗುವುದು ಮರೆತಿದ್ದರೆ ಹೆದರಬೇಡಿ. ಮೇಣ ತೆಗೆದ ಮೇಲೆ ಹಸಿ ಅಚ್ಚಿಗೆ ನೀರು ತುಂಬಿ, ಆ ನೀರನ್ನು ಅಳೆದು 2.5ರಿಂದ ಗುಣಿಸಿ. 150 ಮಿಲಿ ನೀರು ಹಿಡಿದರೆ 375 ಗ್ರಾಂ ಗಾಜು. ನಾನು ಎರಡೂ ಲೆಕ್ಕ ಮಾಡುತ್ತೇನೆ. ಜಾಸ್ತಿಯಾದ ಗಾಜು ಅಚ್ಚಿನಿಂದ ಉಕ್ಕಿ ಭಟ್ಟಿಯ ನೆಲಕ್ಕೆ ಅಂಟಿದರೆ ಉಳಿಯಲ್ಲಿ ಕೆತ್ತಿ ತೆಗೆಯಬೇಕಾಗುತ್ತದೆ.

3. ಅಚ್ಚು ಗಾಜಿಗೆ ಸೋಲಬೇಕು

ಇಲ್ಲಿ ನಾನು ಜಾಣತನ ತೋರಿಸಲು ಹೋಗಿ ಕೆಟ್ಟೆ. ಪಂಚಲೋಹಕ್ಕೆ ಬಳಸುವ ಮಣ್ಣಿನ ಅಚ್ಚನ್ನೇ ಗಾಜಿಗೂ ಹಾಕಿದೆ. ಹುತ್ತದ ಮಣ್ಣು, ಸುಟ್ಟ ಭತ್ತದ ಹೊಟ್ಟು, ಮೂರು ಪದರ, ನೋಡಲು ಬಲು ಅಚ್ಚುಕಟ್ಟು. ಗಾಜು ಕರಗಿ ಮಣ್ಣಿಗೆ ಕಚ್ಚಿಕೊಂಡಿತು. ತಣಿಯುವಾಗ ಗಾಜು ಕುಗ್ಗಬೇಕು, ಅಚ್ಚು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿದೆ, ಬಿಡುವುದಿಲ್ಲ. ಗಾಜೇ ಸೋತಿತು. ಆವತ್ತು ಎರಕದ ಕೆಲಸ ಕಲಿಸಿದ ದೊಡ್ಡಪ್ಪ ಬಂದು ಚೂರುಗಳನ್ನು ಕಾಲಲ್ಲಿ ಸರಿಸಿ, "ಕಂಚಿಗೆ ಹೊದಿಸೋ ಕಂಬಳಿನ ಕೂಸಿಗೆ ಹೊದಿಸಿದ್ಯಲ್ಲೋ" ಅಂದರು. ಅವರಿಗೆ ಗಾಜಿನ ಕೆಲಸ ಗೊತ್ತಿಲ್ಲ, ಆದರೆ ವಿಷಯ ಹಿಡಿದಿದ್ದರು. ಬಿಸಿಯಲ್ಲಿ ತಡೆಯುವಷ್ಟು ಗಟ್ಟಿ, ತಣಿದ ಮೇಲೆ ಉದುರಿಹೋಗುವಷ್ಟು ಸಡಿಲ: ಗಾಜಿಗೆ ಅಂಥ ಅಚ್ಚು ಬೇಕು.

ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿ, ತೂಕದಲ್ಲಿ ಸಮ ಸಮ. 1 ಕೆಜಿ ಪ್ಲಾಸ್ಟರ್, 1 ಕೆಜಿ ಸಿಲಿಕಾ, 1 ಲೀಟರ್ ನೀರು. ಇಷ್ಟಕ್ಕೆ ಒಂದೂಮುಕ್ಕಾಲು ಲೀಟರ್ ಹಿಟ್ಟು ಬರುತ್ತದೆ, ನಮ್ಮ ಮಾವಿಗೆ ಸಾಕು.

ಪುಡಿ ಮುಟ್ಟುವ ಮೊದಲು ಎನ್95 ಮಾಸ್ಕ್ ಹಾಕಿ. ಇದನ್ನು ಮಾತಿಗೆ ಹೇಳುತ್ತಿಲ್ಲ. ಸಿಲಿಕಾ ದೂಳು ಎದೆಗೆ ಇಳಿದರೆ ವಾಪಸ್ ಬರುವುದಿಲ್ಲ. ಕೆಜಿಎಫ್ ಗಣಿಯಲ್ಲಿ ದುಡಿದವರನ್ನು ಕಾಡಿದ ಸಿಲಿಕೋಸಿಸ್ ಇದೇ ದೂಳಿನದು. ಕಲ್ಲು ಕೆಲಸದ ನಮಗೆ ಹೊಸದಾಗಿ ಹೇಳಬೇಕಾ? ಆದರೂ ಟವಲ್ ಸುತ್ತಿಕೊಂಡರೆ ಆಯ್ತು ಅನ್ನುವವರೇ ಜಾಸ್ತಿ. ಟವಲ್ ಸಾಲದು. ಕೆಲಸ ಮುಗಿದ ಮೇಲೆ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮೇಣದ ಮಾವನ್ನು ಚಪ್ಪಟೆ ಭಾಗ ಕೆಳಗೆ ಮಾಡಿ ನುಣುಪು ಕಲ್ಲಿನ ಮೇಲೆ ಅಂಟಿಸಿ. ಸುತ್ತ ಎರಡೂವರೆ ಸೆಂಟಿಮೀಟರ್ ಜಾಗ ಬಿಟ್ಟು ಹಲಗೆಯ ಕಟ್ಟೆ ನಿಲ್ಲಿಸಿ. ಸಂದುಗಳಿಗೆ ಜೇಡಿಮಣ್ಣು ಮೆತ್ತಿ. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ. ರಾಗಿ ಹಿಟ್ಟು ಉದುರಿಸಿದ ಹಾಗೆ ಬೆರಳ ಸಂದಿಯಿಂದ ಉದುರಿಸಿ, ತಾನಾಗಿ ಮುಳುಗಲು ಬಿಡಿ. ಎರಡು ನಿಮಿಷ ಬಿಟ್ಟು, ಕೈ ನೀರಿನೊಳಗೇ ಇಟ್ಟು ಮೆಲ್ಲಗೆ ಕಲಸಿ. ಮುದ್ದೆ ತಿರುವಿದ ಹಾಗೆ ತಿರುವಬೇಡಿ, ಗಾಳಿಗುಳ್ಳೆ ಸೇರುತ್ತದೆ. ಮೊದಲು ಬ್ರಷ್ಷಿನಲ್ಲಿ ಮೇಣದ ಮೈಗೆ ಒಂದು ಕೋಟ್ ಬಳಿದು, ಮಿಕ್ಕಿದ್ದನ್ನು ಒಂದು ಮೂಲೆಯಿಂದ ನಿಧಾನವಾಗಿ ಹೊಯ್ಯಿರಿ. ಅರ್ಧ ಗಂಟೆಯಲ್ಲಿ ಅಚ್ಚು ಬೆಚ್ಚಗಾಗಿ ಗಟ್ಟಿಯಾಗುತ್ತದೆ. ಕಟ್ಟೆ ಬಿಚ್ಚಿ, ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿಯನ್ನು ಸುತ್ತ ಬಿಗಿಯಿರಿ. ಬಿಸಿಯಲ್ಲಿ ಅಚ್ಚು ಸೀಳಿದರೂ ಬಾಯಿ ಬಿಡುವುದಿಲ್ಲ.

ಮೇಣ ತೆಗೆಯಲು ಬೆಂಕಿ ಹಚ್ಚಬೇಡಿ, ಆವಿ ಸಾಕು. ಹಳೆಯ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತಟ್ಟೆಯ ಮೇಲೆ ಅಚ್ಚನ್ನು ಬಾಯಿ ಕೆಳಗೆ ಮಾಡಿ ಕೂರಿಸಿ. ಮುಕ್ಕಾಲು ಗಂಟೆಯಲ್ಲಿ ಮೇಣ ನೀರಿಗೆ ಇಳಿದಿರುತ್ತದೆ. ಕೊನೆಗೆ ಕುದಿಯುವ ನೀರು ಸುರಿದು ತೊಳೆಯಿರಿ. ಒಳಗೆ ಮೇಣದ ಜಿಡ್ಡು ಉಳಿದರೆ ಸುಟ್ಟು ಮಸಿಯಾಗಿ ಗಾಜಿನ ಮೈಗೆ ಹತ್ತುತ್ತದೆ. ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ತೆಗೆದುಕೊಂಡು ಹೋಗಬೇಡಿ. ಯಾಕೆ ಅಂತ ನಾನು ಹೇಳುವುದಿಲ್ಲ, ನಮ್ಮನೆಯವಳು ಹೇಳುತ್ತಾಳೆ.

ಆಮೇಲೆ ಒಣಗಿಸುವುದು. ಬೇಸಿಗೆಯಾದರೆ ವಾರ, ಮಳೆಗಾಲದಲ್ಲಿ ಎರಡು ವಾರ. ದಿನ ಲೆಕ್ಕ ಹಿಡಿಯುವುದಕ್ಕಿಂತ ತೂಕ ಹಿಡಿಯಿರಿ. ದಿನಾ ಬೆಳಿಗ್ಗೆ ಅಚ್ಚು ತೂಗಿ ಬರೆದಿಡಿ. ಎರಡು ಮೂರು ದಿನ ತೂಕ ಇಳಿಯದೆ ನಿಂತರೆ ಒಣಗಿದೆ.

4. ಕುಂಡ

ಮಾಲೂರು ಹೆಂಚಿಗೆ ಹೆಸರಾದ ಊರು, ಸುಟ್ಟ ಮಣ್ಣಿನ ಕುಂಡಕ್ಕೆ ಬರವಿಲ್ಲ. 5 ಇಂಚಿನದು ತನ್ನಿ, ಬಣ್ಣ ಬಳಿದದ್ದು ಬೇಡ. ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿ, ಗಂಟೆಯ ಹಾಗೆ ಕೇಳಬೇಕು. ತಳದ ತೂತನ್ನು ಅರದಲ್ಲಿ ಉಜ್ಜಿ ಎರಡು ಸೆಂಟಿಮೀಟರಿಗೆ ಹಿಗ್ಗಿಸಿ. ಒಂದು ಸಲ ಖಾಲಿ ಕುಂಡವನ್ನೇ ಭಟ್ಟಿಯಲ್ಲಿ 850 ಡಿಗ್ರಿ ತನಕ ನಿಧಾನವಾಗಿ ಕಾಯಿಸಿ ತಣಿಸಿ. ಒಡೆಯುವ ಕುಂಡ ಆಗಲೇ ಒಡೆಯಲಿ.

ಗಾಜನ್ನು ಸೋಪಿನ ನೀರಲ್ಲಿ ತೊಳೆದು, ಲೇಬಲ್ಲಿನ ಅಂಟು ಕೂಡ ಉಳಿಯದ ಹಾಗೆ ಒರೆಸಿ ತುಂಬಿ. ಚೂರು ದಪ್ಪಗಿದ್ದಷ್ಟೂ ಒಳ್ಳೆಯದು. ಪುಡಿ ಹಾಕಿದರೆ ನಡುವಿನ ಗಾಳಿ ಸಿಕ್ಕಿಕೊಂಡು ಗಾಜು ಹಾಲು ಕಲಸಿದ ಹಾಗೆ ಮಂಕಾಗುತ್ತದೆ.

ನಿಜವಾದ ಪ್ರಯೋಗ ಇರುವುದು ಈ ತೂತಿನಲ್ಲಿ. ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳುತ್ತದಲ್ಲ, ಗಾಜು ಹಾಗೆ ಬೀಳುವುದಿಲ್ಲ. ಜೇನು ಇಳಿದ ಹಾಗೆ ಇಳಿಯುತ್ತದೆ. ಒಂದು ಎಳೆ, ಅದು ಕೆಳಗೆ ಮುಟ್ಟಿ ಸುರುಳಿ ಸುತ್ತುತ್ತದೆ, ಸುರುಳಿಯ ಮೇಲೆ ಸುರುಳಿ ಕೂತು ಕರಗುತ್ತದೆ. ತೂತು ಒಂದು ಸೆಂಟಿಮೀಟರ್ ಇದ್ದರೆ ಎಳೆ ಸಣ್ಣ, ಒಳಗೆ ರೇಷ್ಮೆ ನೂಲು ಸುತ್ತಿದಂಥ ಗೆರೆ ಉಳಿಯುತ್ತದೆ. ಎರಡೂವರೆ ಇದ್ದರೆ ದೊಪ್ಪನೆ ಇಳಿದು ಗಾಜು ತಿಳಿಯಾಗಿರುತ್ತದೆ. ಕುಂಡ ಮತ್ತು ಅಚ್ಚಿನ ನಡುವೆ ಮೂರು ಸೆಂಟಿಮೀಟರ್ ಬದಲು ಎಂಟು ಬಿಟ್ಟರೆ ಸುರುಳಿ ಜಾಸ್ತಿ, ಗುಳ್ಳೆಯೂ ಜಾಸ್ತಿ. ಎರಡು ತೂತು ಕೊರೆದರೆ ಎರಡು ಎಳೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕಲ್ಲಿನಲ್ಲಿ ನಾವು ಹೊರಮೈ ಮಾತ್ರ ಕೆತ್ತುತ್ತೇವೆ. ಇಲ್ಲಿ ಒಳಮೈಯನ್ನೂ ಕೆತ್ತಬಹುದು, ಉಳಿ ಇಲ್ಲದೆ, ಬರೀ ಒಂದು ತೂತಿನಿಂದ. ನಾನು ಗಾಜಿಗೆ ಬಿದ್ದದ್ದೇ ಇದನ್ನು ನೋಡಿ. ಒಂದು ಮಾತು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ತೂತೂ ಎತ್ತರವೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಆಮೇಲೆ ದೇವರಿಗೇ ಗೊತ್ತು.

5. ಭಟ್ಟಿ ಮತ್ತು 52 ಗಂಟೆ

ಸಣ್ಣ ಕರೆಂಟ್ ಭಟ್ಟಿ ಸಾಕು. ಒಳಗೆ ಒಂದಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. 3 ಕಿಲೋವ್ಯಾಟ್ ಕಾಯಿಲ್, ಅಂದರೆ 13 ಆಂಪಿಯರ್. ಅದಕ್ಕೆ ಪ್ರತ್ಯೇಕ ವೈರು, ಎಂಸಿಬಿ, ಸರಿಯಾದ ಅರ್ಥಿಂಗ್. ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಿರುತ್ತದೆ, ಒಳಗೆ ಕೈ ಅಥವಾ ಕಬ್ಬಿಣ ಹಾಕುವ ಮೊದಲು ಮೇನ್ ಆಫ್ ಮಾಡಿ. ಭಟ್ಟಿಯ ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಮತ್ತು ಹಂತ ಹಂತವಾಗಿ ಪ್ರೋಗ್ರಾಮ್ ಮಾಡುವ ಕಂಟ್ರೋಲರ್ ಇರಲೇಬೇಕು. ಬೇರೆ ಎಲ್ಲದರಲ್ಲಿ ಕಾಸು ಉಳಿಸಿ, ಇದರಲ್ಲಿ ಬೇಡ.

ತಟ್ಟೆಯಲ್ಲಿ ಒಣ ಮರಳು ಹಾಸಿ ಅದರ ಮೇಲೆ ಅಚ್ಚು ಮಟ್ಟವಾಗಿ ಕೂರಿಸಿ. ಎರಡು ಬದಿಗೆ ಬೆಂಕಿ ತಡೆಯುವ ಇಟ್ಟಿಗೆ ನಿಲ್ಲಿಸಿ ಅದರ ಮೇಲೆ ಕುಂಡ. ತೂತು ಸರಿಯಾಗಿ ಅಚ್ಚಿನ ನಡುವೆ ಬರಬೇಕು, ತೂಗುಗುಂಡು ಬಿಟ್ಟು ನೋಡಿ. ಇನ್ನು ಕಾಯಿಸುವ ಲೆಕ್ಕ. ಇದು 3 ಸೆಂಟಿಮೀಟರ್ ದಪ್ಪದ ಕಿಟಕಿ ಗಾಜಿಗೆ ನಾನು ಬಳಸುವುದು.

ಗಂಟೆಗೆ 30 ಡಿಗ್ರಿಯಂತೆ 95ಕ್ಕೆ ಏರಿಸಿ 6 ಗಂಟೆ ನಿಲ್ಲಿಸಿ. ಅಚ್ಚು ಒಣಗಿದೆ ಅಂತ ನೀವು ಎಷ್ಟೇ ಆಣೆ ಮಾಡಿದರೂ ಒಳಗೆ ನೀರು ಇರುತ್ತದೆ. ಭಟ್ಟಿಯ ಮೇಲಿನ ತೂತಿಗೆ ತಣ್ಣನೆಯ ಸ್ಟೀಲ್ ಲೋಟ ಹಿಡಿಯಿರಿ. ಲೋಟದ ಮೇಲೆ ಮಂಜು ಕೂತರೆ ಇನ್ನೂ ಎರಡು ಗಂಟೆ ಕಾಯಿರಿ.

ಅಲ್ಲಿಂದ 600ಕ್ಕೆ ಗಂಟೆಗೆ 60. ಅವಸರ ಬೇಡ, ಯಾಕಂದರೆ 573 ಡಿಗ್ರಿಯಲ್ಲಿ ಅಚ್ಚಿನೊಳಗಿನ ಸಿಲಿಕಾ ಒಮ್ಮೆಲೇ ಹಿಗ್ಗುತ್ತದೆ. ಜೋರಾಗಿ ದಾಟಿದರೆ ಅಚ್ಚು ಸೀಳುತ್ತದೆ. 600ರಲ್ಲಿ ಒಂದು ಗಂಟೆ ನಿಲ್ಲಿ.

600ರಿಂದ 880ಕ್ಕೆ ಗಂಟೆಗೆ 150. ಈಗ ಅವಸರ ಬೇಕು. 700ರಿಂದ 800ರ ನಡುವೆ ಗಾಜು ಜಾಸ್ತಿ ಹೊತ್ತು ಕೂತರೆ ಮೈಮೇಲೆ ಹರಳು ಕಟ್ಟಿ ಮಸುಕಾಗುತ್ತದೆ. 880ರಲ್ಲಿ ಮೂರೂವರೆ ಗಂಟೆ. ಎರಡು ಗಂಟೆ ಆದಮೇಲೆ ಇಣುಕು ತೂತಿನಿಂದ ನೋಡಿ, ವೆಲ್ಡಿಂಗ್ ಗಾಜು ಹಿಡಿದು. ಬರಿಗಣ್ಣಿನಲ್ಲಿ ಬೇಡ. ಎಳೆ ನಿಂತು, ತೂತಿನಲ್ಲಿ ಒಂದು ಹನಿ ತೂಗಾಡುತ್ತಿದ್ದರೆ ಮುಗಿಯಿತು. 900 ದಾಟಿಸಬೇಡಿ, ಪ್ಲಾಸ್ಟರ್ ಅಚ್ಚಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಭಟ್ಟಿ ಹತ್ತಿರ ಹೋಗುವಾಗ ಹತ್ತಿ ಬಟ್ಟೆ, ಚರ್ಮದ ಕೈಗವಸು, ಬೂಟು. ನೈಲಾನ್, ಪಾಲಿಯೆಸ್ಟರ್ ಮೈಮೇಲೆ ಇರಬಾರದು. ಮಕ್ಕಳನ್ನು ಆಚೆ ಕಳಿಸಿ.

ಆಮೇಲೆ ಭಟ್ಟಿ ತನ್ನ ಪಾಡಿಗೆ 545ಕ್ಕೆ ಇಳಿಯಲಿ. ಬಾಗಿಲು ತೆಗೆಯಬೇಡಿ. ಇಲ್ಲಿಂದ ಶುರು ಅಸಲಿ ಕೆಲಸ, ಅನೀಲಿಂಗ್. 545ರಲ್ಲಿ 6 ಗಂಟೆ. ಈ ಬಿಸಿಯಲ್ಲಿ ಗಾಜು ಗಟ್ಟಿಯಾಗಿರುತ್ತದೆ, ಆದರೆ ಒಳಗಿನ ಎಳೆತ ಸಡಿಲಿಸಿಕೊಳ್ಳುವಷ್ಟು ಮೆದುವಾಗಿರುತ್ತದೆ. ಹೊಟ್ಟೆಯೂ ಮೈಯೂ ಒಂದೇ ಬಿಸಿಗೆ ಬರಬೇಕು. ಅಲ್ಲಿಂದ 425ಕ್ಕೆ ಗಂಟೆಗೆ 10 ಡಿಗ್ರಿ, 12 ಗಂಟೆ. 425ರಿಂದ 370ಕ್ಕೆ ಗಂಟೆಗೆ 18. ಅಲ್ಲಿಂದ 50ಕ್ಕೆ ಗಂಟೆಗೆ 50.

ಕೂಡಿ ನೋಡಿ, ಒಟ್ಟು ಸುಮಾರು 52 ಗಂಟೆ. ಅದರಲ್ಲಿ ಗಾಜು ಎಳೆಯಾಗಿ ಇಳಿಯುವುದು ಮೂರು ಮೂರೂವರೆ ಗಂಟೆ. 545 ಮುಟ್ಟಿದ ಮೇಲಿನ ತಣಿವಿಗೇ 27 ಗಂಟೆ ಹೋಗುತ್ತದೆ. ದೊಡ್ಡಪ್ಪ ಎರಡು ಸಲ ಬಂದು ಹೋದರು. "ಕಂಚಾಗಿದ್ರೆ ಇಷ್ಟೊತ್ಗೆ ಅರ ಹಾಕ್ತಿದ್ದೆ. ನಿನ್ನ ಗಾಜು ಇನ್ನೂ ಎದ್ದಿಲ್ವಾ?" ಇಲ್ಲ ದೊಡ್ಡಪ್ಪ, ಇನ್ನೂ ಮಲಗಿದೆ.

ದಪ್ಪ ಎರಡು ಪಟ್ಟಾದರೆ ಈ ಹೊತ್ತು ಎರಡು ಪಟ್ಟು ಆಗುವುದಿಲ್ಲ, ಸುಮಾರು ನಾಲ್ಕು ಪಟ್ಟು ಆಗುತ್ತದೆ. 6 ಸೆಂಟಿಮೀಟರ್ ದಪ್ಪಕ್ಕೆ ಗಂಟೆಗೆ 10 ಡಿಗ್ರಿ ಅಲ್ಲ, ಎರಡೂವರೆ. ನನ್ನ ನಂದಿಗೆ ನಾನು ಕೊಟ್ಟದ್ದು ಒಂದು ರಾತ್ರಿ. ಅಮೆರಿಕದ ಪಾಲೊಮಾರ್ ದೂರದರ್ಶಕಕ್ಕೆ 200 ಇಂಚಿನ ಗಾಜಿನ ತಟ್ಟೆಯನ್ನು 1934ರ ಕೊನೆಗೆ ಹೊಯ್ದು, ಸುಮಾರು ಹತ್ತು ತಿಂಗಳು ತಣಿಸಿದರಂತೆ. ಒಬ್ಬ ತಾಯಿ ಹೊರುವಷ್ಟು ಹೊತ್ತು.

ಕರೆಂಟ್ ಹೋದರೆ? ನಮ್ಮ ಕಡೆ ಇದನ್ನು ಕೇಳದೆ ಯಾವ ಕೆಲಸ ಮುಗಿಯುತ್ತದೆ. ಬಿಸಿ ಏರುವಾಗ ಹೋದರೆ ಅಷ್ಟೇನೂ ನಷ್ಟವಿಲ್ಲ, ಬಂದ ಮೇಲೆ ಅದೇ ನಿಧಾನದಲ್ಲಿ ಮುಂದುವರಿಸಿ. ತಣಿಯುವಾಗ ಹೋದರೆ ಬಾಗಿಲು, ಮೇಲಿನ ತೂತು ಎಲ್ಲ ಮುಚ್ಚಿ, ಭಟ್ಟಿಯ ಮೇಲೆ ಬಿಸಿ ಹಿಡಿದಿಡುವ ಸೆರಾಮಿಕ್ ಬ್ಲಾಂಕೆಟ್ ಹೊದಿಸಿ ಸುಮ್ನೆ ಕೂತುಕೊಳ್ಳಿ. ಬಂದ ಮೇಲೆ ಗಂಟೆಗೆ 30 ಡಿಗ್ರಿಯಂತೆ ಮತ್ತೆ 545ಕ್ಕೆ ಏರಿಸಿ, ಅನೀಲಿಂಗನ್ನು ಮೊದಲಿನಿಂದ ಮಾಡಿ. ಬಹಳ ಮುಖ್ಯವಾದದ್ದು: ಕರೆಂಟ್ ವಾಪಸ್ ಬಂದಾಗ ನಿಮ್ಮ ಕಂಟ್ರೋಲರ್ ಏನು ಮಾಡುತ್ತದೆ ಅಂತ ಮೊದಲೇ ಖಾಲಿ ಭಟ್ಟಿಯಲ್ಲಿ ನೋಡಿಕೊಳ್ಳಿ. ನಿಂತಲ್ಲಿಂದ ಮುಂದುವರಿಯುವ ಸೆಟ್ಟಿಂಗ್ ಕೆಲವಲ್ಲಿ ಇರುತ್ತದೆ, ಆದರೆ ಆನ್ ಆಗಿರುವುದಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಹೋದ ಕರೆಂಟ್ ನಾಲ್ಕಕ್ಕೆ ಬಂತು. ನನ್ನದು ಮೊದಲ ಹಂತಕ್ಕೆ ಹೋಗಿ, 30 ಡಿಗ್ರಿಯಿಂದ ಏರಿಸಬೇಕು ಅಂತ ತಿಳಿದು ಕಾಯಿಲ್ ಆಫ್ ಮಾಡಿ ಕೂತಿತ್ತು. ನಾನು ಗೊರಕೆ ಹೊಡೆಯುತ್ತಿದ್ದೆ. ಬೆಳಿಗ್ಗೆ ಎರಡು ಮಾವು, ಎಂಟು ಹೋಳು.

6. ಹೊರಗೆ ತೆಗೆಯುವುದು

ಮೀಟರಿನಲ್ಲಿ 50 ಬಂದರೂ ಅಚ್ಚಿನ ಒಳಗೆ ಇನ್ನೂ ಬಿಸಿ ಇರುತ್ತದೆ. ಒಂದು ರಾತ್ರಿ ಬಿಡಿ. ಕುಂಡದಿಂದ ಅಚ್ಚಿಗೆ ಕೂದಲಿನಂಥ ಗಾಜಿನ ಎಳೆ ನೇತಾಡುತ್ತಿರುತ್ತದೆ, ಅದು ಸೂಜಿಗಿಂತ ಚೂಪು. ಕನ್ನಡಕ ಹಾಕಿ ಮೊದಲು ಅದನ್ನು ಮುರಿದು ತೆಗೆಯಿರಿ. ಕುಂಡದ ಒಳಗೆ ಅಂಟಿದ ಗಾಜನ್ನು ಬಿಡಿಸಲು ಹೋಗಬೇಡಿ, ಕುಂಡ ಅಲ್ಲಿಗೆ ಮುಗಿಯಿತು.

ಅಚ್ಚು ಈಗ ಒಣ ರೊಟ್ಟಿಯಂತೆ ಪುಡಿಪುಡಿ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಮರದ ಕಡ್ಡಿಯಲ್ಲಿ ಬಿಡಿಸಿ. ಉಳಿ ತೆಗೆದುಕೊಳ್ಳಬೇಡಿ. ಕೈ ತಾನಾಗಿ ಉಳಿಯ ಕಡೆಗೆ ಹೋಗುತ್ತದೆ, ನನಗೆ ಗೊತ್ತು. ತೆಗೆದ ಕೂಡಲೇ ತಣ್ಣೀರಿನಲ್ಲಿ ಅದ್ದಬೇಡಿ. ಕಡ್ಡಿ, ಬ್ರಷ್, ಉಗುರುಬೆಚ್ಚಗಿನ ನೀರು, ಅಷ್ಟೇ.

ಅಂಚು ಉಜ್ಜಲು ಕೈಯಲ್ಲಿ ಹಿಡಿಯುವ ಡೈಮಂಡ್ ಪ್ಯಾಡ್ ಸಾಕು: 60, 120, 220, 400, ಈ ಕ್ರಮದಲ್ಲಿ, ನೀರು ಹಾಕಿಕೊಂಡೇ. ಕಲ್ಲಿಗೆ ಬಳಸುವ ಕರೆಂಟ್ ಗ್ರೈಂಡರ್ ಹಿಡಿದು ನೀರು ಹಾಕಬೇಡಿ, ಜೀವ ಹೋಗುತ್ತದೆ. ಕನ್ನಡಿಯಂತೆ ಹೊಳೆಯಬೇಕಾದರೆ ಸೀರಿಯಂ ಆಕ್ಸೈಡ್ ಪುಡಿ ಮತ್ತು ಫೆಲ್ಟ್. ನಾನು ಇಡೀ ಮೈಗೆ ಹೊಳಪು ಕೊಡುವುದಿಲ್ಲ. ಮಾವಿನ ಹೊರಮೈ ಅಚ್ಚಿನಿಂದ ಬಂದ ಹಾಗೆ ಮಂಜಾಗಿ ಬಿಟ್ಟು, ಸೀಳಿದ ಚಪ್ಪಟೆ ಮುಖಕ್ಕೆ ಮಾತ್ರ ಹೊಳಪು ಕೊಡುತ್ತೇನೆ. ಅಲ್ಲಿಂದ ಇಣುಕಿದರೆ ಒಳಗಿನ ಸುರುಳಿ ಕಾಣುತ್ತದೆ. ಮೊದಲ ಸಲ ಹಾಗೆ ಕಂಡಾಗ ಮಗಳು, "ಅಪ್ಪಾ, ಒಳಗೆ ಯಾರೋ ಶ್ಯಾವಿಗೆ ಒತ್ತಿದ್ದಾರೆ" ಅಂದಳು.

ಕಲ್ಲನ್ನೂ ಗಾಜನ್ನೂ ಸೇರಿಸುವ ಆಸೆ ನಮ್ಮಂಥವರಿಗೆ ಬಂದೇ ಬರುತ್ತದೆ. ಕಲ್ಲಿನ ಗುಳಿಗೆ ನೇರವಾಗಿ ಗಾಜು ಇಳಿಸಬೇಡಿ, ಎರಡರ ಹಿಗ್ಗು ಕುಗ್ಗು ಬೇರೆ. ಗಾಜನ್ನು ಬೇರೆ ಹೊಯ್ದು ತಣಿಸಿ, ಆಮೇಲೆ ಅದರ ಅಳತೆಗೆ ಕೃಷ್ಣಶಿಲೆಯಲ್ಲಿ ಪೀಠ ಕೆತ್ತಿ. ಸುತ್ತ ಒಂದು ಮಿಲಿಮೀಟರ್ ಸಂದು ಬಿಟ್ಟು ಸಿಲಿಕೋನ್ ಹಾಕಿ ಕೂರಿಸಿ. ಒಳಗೆ ಲೋಹ ಇಡಬೇಕೆಂದಿದ್ದರೆ ತೆಳುವಾದ ತಾಮ್ರದ ಹಾಳೆ ನಡೆಯುತ್ತದೆ, ಕಬ್ಬಿಣದ ಮೊಳೆ ಬೇಡ.

ಮುಗಿದ ತುಂಡನ್ನು ಲ್ಯಾಪ್‌ಟಾಪ್ ಮುಂದೆ ಹಿಡಿದು ಎಳೆತ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಎರಡು ವಾರ ಯಾರಿಗೂ ಕೊಡದೆ ಮೇಜಿನ ಮೇಲೆ ಇಡಿ. ಮನೆಯವರು ಊಟಕ್ಕೆ ಕೂರುವ ಜಾಗದಿಂದ ಸ್ವಲ್ಪ ದೂರದಲ್ಲಿ.